ಡಬ್ಬಿಗೆ ಹಚ್ಚಿದ ವಿಭೂತಿ

ಖಂಡೆ ಪೂಜೆ, ಅಂದರೆ ಆಯುಧಪೂಜೆಯ ದಿನ ಗುರುಬಾಯಿಗೆ ಲ್ಯಾಬಿನಲ್ಲಿ ಯಾರೂ ಕೆಲಸ ಹೇಳುತ್ತಿರಲಿಲ್ಲ. ಅವಳೇ ಎಲ್ಲರಿಗೂ ಹೇಳುತ್ತಿದ್ದಳು. ವರ್ಷವಿಡೀ ಒರೆಸುವ ಬಟ್ಟೆ ಹಿಡಿದು ಗೋಡೆಗುಂಟ ಓಡಾಡುವವಳು ಅಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮದುವೆಮನೆಯ ಹಿರಿಯಳ ಹಾಗೆ ನಡುವೆ ನಿಲ್ಲುತ್ತಿದ್ದಳು. ವಿಕ್ರೋಳಿಯ ಹಳೆಯ ಇಂಡಸ್ಟ್ರಿಯಲ್ ಎಸ್ಟೇಟೊಂದರ ನೆಲಮಹಡಿಯಲ್ಲಿದ್ದ ಆ ಲ್ಯಾಬು ಚಿಕ್ಕದು. ಗಾಜಿನ ಬಿಲ್ಲೆಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಲೋಹದ ಲೇಪ ಹಾಕಿ ದೊಡ್ಡ ಕಂಪನಿಗಳಿಗೆ ಕಳಿಸುವುದು ಅಲ್ಲಿಯ ಕೆಲಸ. ಪಂಪು, ಒಲೆ, ತಕ್ಕಡಿ, ಕಂಪ್ಯೂಟರು, ಹೊರಗೆ ನಿಂತ ಟೆಂಪೊ, ಎಲ್ಲಕ್ಕೂ ಅಂದು ಚೆಂಡುಹೂವು, ಕುಂಕುಮ, ನಿಂಬೆಹಣ್ಣು.

ಈ ವರ್ಷ ಪೂಜೆಗೆ ಹೊಸದೊಂದು ಸೇರಿತ್ತು. ಲೇಪ ಹಾಕುವ ಗಾಜಿನ ಕೋಣೆಯೊಳಗೆ, ಗ್ಯಾಸ್ ಸಿಲಿಂಡರಿನ ಪಕ್ಕದ ಗೋಡೆಗೆ, ಮೊಣಕಾಲಿನ ಎತ್ತರದಲ್ಲಿ ಕೂರಿಸಿದ ಒಂದು ಬಿಳಿಯ ಡಬ್ಬಿ. ಮೇಲೆ ಹಸಿರು ಅಂಕಿ ಹೊಳೆಯುವ ಕಿಟಕಿ, ಅದರ ಕೆಳಗೆ ರೂಪಾಯಿ ನಾಣ್ಯದಷ್ಟು ಅಗಲದ ದುಂಡನೆಯ ಜಾಲರಿ. ಮಳೆಗಾಲದ ಮೊದಲು ಅದನ್ನು ಕೂರಿಸಿದ ದಿನ, ಕೋಣೆಯ ಕೆಲಸ ನೋಡಿಕೊಳ್ಳುವ ಶ್ರಾವ್ಯಾ ಎಲ್ಲರನ್ನೂ ಕರೆದು ನಿಲ್ಲಿಸಿ ತಿಳಿಸಿ ಹೇಳಿದ್ದಳು. ಮುಂಬೈಯಲ್ಲೇ ಹುಟ್ಟಿ ಬೆಳೆದ ಉಡುಪಿ ಕಡೆಯ ಹುಡುಗಿ. ಕನ್ನಡ ಮಾತಾಡುವಾಗ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹೊಳೆ ದಾಟುವವಳ ಹಾಗೆ ಮಾತಾಡುತ್ತಿದ್ದಳು.

"ಸಿಲಿಂಡರಲ್ಲಿ ಇರುವುದು ಫಾಸ್ಫರಸ್ ಟ್ರೈಫ್ಲೋರೈಡ್. ಹೆಸರು ಛೋಡೋ ಅಜ್ಜಿ, ಗ್ಯಾಸ್ ಅಂದ್ರೆ ಸಾಕು. ಇದಕ್ಕೆ ಕಲರ್ ಇಲ್ಲ, ಸ್ಮೆಲ್ ಇಲ್ಲ. ಅಡುಗೆ ಗ್ಯಾಸ್ ಥರ ಮೂಗಿಗೆ ಗೊತ್ತೇ ಆಗುದಿಲ್ಲ."

"ಮತ್ತ ಹ್ಯಾಂಗ ಗೊತ್ತಾಗಬೇಕವ್ವಾ?"

"ಅದಕ್ಕೇ ಈ ಡಿಟೆಕ್ಟರ್. ಇನ್ನು ಇದೇ ನಮ್ಮೆಲ್ಲರ ಮೂಗು. ಗ್ಯಾಸು ಗಾಳಿಗಿಂತ ಹೆವಿ, ಲೀಕ್ ಆದ್ರೆ ಕೆಳಗೆ ಕೂತ್ಕೊಳ್ತದೆ. ಸೋ ಇದೂ ಕೆಳಗೆ."

"ಅಂಥಾ ವಿಷ ಯಾಕ ತರ್ತೀರಿ ಮನಿ ಒಳಗ, ಹಾವು ಹಿಡಕೊಂಡ ಬಂದಂಗ?"

ಶ್ರಾವ್ಯಾ ನಕ್ಕಿದ್ದಳು. "ಅದರ ಹಿಡಿತ ಭಾರೀ ಗಟ್ಟಿ ಅಜ್ಜಿ. ನಿಕ್ಕಲ್ ಉಂಟಲ್ಲ, ಅಷ್ಟು ಭಾರದ ಲೋಹ, ಅದನ್ನು ಹಿಡ್ಕೊಂಡು ಆವಿಯಾಗಿ ಹೋಗ್ತದೆ. ಮತ್ತೆ ನಾವು ಬಿಸಿ ಮಾಡಿದ್ರೆ ಕೈ ಬಿಡ್ತದೆ, ಲೋಹ ಗಾಜಿನ ಮೇಲೆ ಕೂತ್ಕೊಳ್ತದೆ. ಬಟ್ ಅದೇ ಕೈ ನಮ್ಮ ರಕ್ತವನ್ನೂ ಹಿಡೀತದೆ. ರಕ್ತದಲ್ಲಿ ಕಬ್ಬಿಣ ಉಂಟು, ಅದು ಆಕ್ಸಿಜನ್ ಕೂತ್ಕೊಳ್ಳುವ ಸೀಟು. ಈ ಗ್ಯಾಸ್ ಹೋಗಿ ಆ ಸೀಟಲ್ಲಿ ಕೂತ್ರೆ..."

"ಕಲ್ಯಾಣ ಲೋಕಲಿನ್ಯಾಗ ಹಿಂದಿನ ಸ್ಟೇಷನ್ನಿಂದ್ಲೇ ಹತ್ತಿ ಕುಂತವರಂಗ," ಎಂದು ಟೆಕ್ನಿಷಿಯನ್ ಶರಣು ಮಾತು ಮುಗಿಸಿದ್ದ. "ಯಾರ ಬಂದು ಮುಂದ ನಿಂತ್ರೂ ಏಳಂಗಿಲ್ಲ."

ಎಲ್ಲರೂ ನಕ್ಕಿದ್ದರು. ಗುರುಬಾಯಿ ನಗಲಿಲ್ಲ. ಅಂದಿನಿಂದ ಆ ಗೋಡೆಯ ಹತ್ತಿರ ನೆಲ ಒರೆಸುವಾಗ ಡಬ್ಬಿಗೆ ಕಾಲು ತಾಗದ ಹಾಗೆ ಸೀರೆ ಒತ್ತಿ ಹಿಡಿದು ಕೂರುತ್ತಿದ್ದಳು.

ಮಳೆಗಾಲದಲ್ಲಿ ಡಬ್ಬಿ ಎಲ್ಲರನ್ನೂ ಗೋಳು ಹೊಯ್ದುಕೊಂಡಿತು. ಗಾಳಿಯಲ್ಲಿ ತೇವ ಹೆಚ್ಚಾದರೆ ಸಾಕು, ಗ್ಯಾಸಿಲ್ಲದಿದ್ದರೂ ಕಿರುಚುತ್ತಿತ್ತು. ಪ್ರತಿ ಸಲವೂ ಎಲ್ಲರೂ ಛತ್ರಿಯಿಲ್ಲದೆ ಗೇಟಿನ ತನಕ ಓಡಬೇಕು. ಅದನ್ನು ನೋಡಿಕೊಳ್ಳುವವನು, ಪ್ರತಿ ಸೋಮವಾರ ಪರೀಕ್ಷೆಯ ಗ್ಯಾಸು ಬಿಟ್ಟು ಅದು ಕಿರುಚುತ್ತದೋ ಇಲ್ಲವೋ ಎಂದು ನೋಡುವವನು, ಶರಣು. ಒಮ್ಮೆ ಊಟದ ಡಬ್ಬಿ ಬಿಚ್ಚಿದ ಹೊತ್ತಿಗೇ ಅದು ಕೂಗಿಕೊಂಡಿತು. ಮಳೆಯಲ್ಲಿ ನೆನೆಯುತ್ತ ನಿಂತವನು, "ಇದರ ಬಾಯಾಗ ಏನರ ತುರುಕಬೇಕ ನೋಡ್ರಿ, ಅವಾಗ ಸುಮ್ಮ ಆಗ್ತದ" ಎಂದ. ಮ್ಯಾನೇಜರ್ ಸಂದೀಪ ಪಕ್ಕದಲ್ಲೇ ನಿಂತಿದ್ದ. ಅವನೂ ನಕ್ಕಿದ್ದ.

ಪೂಜೆಯ ದಿನ ಶರಣು ಹೊರಗೆ ಟೆಂಪೊ ತೊಳೆಯುತ್ತಿದ್ದ. ಗಾಜಿನ ಕೋಣೆಗೆ ಗುರುಬಾಯಿಯೇ ಹೋದಳು. ಸಿಲಿಂಡರಿಗೆ ಕುಂಕುಮವಿಟ್ಟು ಡಬ್ಬಿಯ ಮುಂದೆ ಕೂತಳು. ಕೂತರೆ ದೇವರಗೂಡಿನ ಹಾಗೆ ಸರಿಯಾಗಿ ಮುಖದೆದುರಿಗೆ ಬರುವ ಎತ್ತರ. ದೊಡ್ಡ ಹಾರವನ್ನು ಇದಕ್ಕೆಂದೇ ತೆಗೆದಿಟ್ಟಿದ್ದಳು. ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿ ನೀರು ಹಾಕಿ ತೇಯ್ದು, ಮೂರು ಬೆರಳು ಅದ್ದಿ, ಎಲ್ಲಿ ಹಚ್ಚಲಿ ಎಂದು ನೋಡಿದಳು. ಅಲ್ಲಿ ಹಣೆಯ ಹಾಗೆ ಕಂಡದ್ದು ಆ ದುಂಡನೆಯ ಜಾಲರಿಯೊಂದೇ. ಮೊದಲು ಎಳೆದದ್ದು ಜಾಲರಿಯೊಳಗೆ ಇಳಿದು ಕಾಣಿಸದೆ ಹೋಯಿತು. ಇನ್ನಷ್ಟು ತೇಯ್ದು, ದಪ್ಪಗೆ, ಒತ್ತಿ ಎಳೆದಳು. ಆಗ ಮೂರು ಗೆರೆ ಚೆನ್ನಾಗಿ ಮೂಡಿದವು.

ಬಾಗಿಲಲ್ಲಿ ಪೇಢೆ ತಿನ್ನುತ್ತ ನಿಂತಿದ್ದ ಶ್ರಾವ್ಯಾ, "ಮಸ್ತ್ ಕಾಣ್ತದೆ ಅಜ್ಜಿ! ಚೆಂದ ಹಚ್ಚಿ, ಅದೇ ನಮ್ಮ ಬಾಸ್" ಎಂದಳು.

ಮರುದಿನ ದಸರೆ, ರಜೆ. ಅದರ ಮರುದಿನ ಬೆಳಿಗ್ಗೆ ಗುರುಬಾಯಿ ಎಲ್ಲರಿಗಿಂತ ಮೊದಲು ಬಂದು ಬಾಡಿದ ಹೂವು ಎತ್ತಿದಳು. ಡಬ್ಬಿಯ ಹಾರ ತೆಗೆದು, ಕೈಮುಗಿದು, ಒದ್ದೆ ಬಟ್ಟೆಯಿಂದ ಹೊರಮೈಯನ್ನು ಲಕಲಕ ಒರೆಸಿದಳು. ಅಂಕಿ ಎಂದಿನಂತೆ ಹಸಿರಾಗಿ ಸೊನ್ನೆ ತೋರಿಸುತ್ತಿತ್ತು.

ಶ್ರಾವ್ಯಾ ಬಂದವಳೇ ಖಾಲಿ ಸಿಲಿಂಡರ್ ತೆಗೆಸಿ ಹೊಸದನ್ನು ಜೋಡಿಸಿದಳು. ಸೊನ್ನೆ ಇದೆಯಲ್ಲ ಎಂದು ಮುಖಕವಚ ಹಾಕಿಕೊಳ್ಳಲಿಲ್ಲ. ಪೈಪಿನ ಕೀಲು ಸ್ವಲ್ಪ ಸಡಿಲವೆನಿಸಿತೋ ಏನೋ, ಸ್ಪ್ಯಾನರ್ ಹಿಡಿದು ಕುಕ್ಕರುಗಾಲಲ್ಲಿ ಕೂತು ಬಗ್ಗಿ ನೋಡುತ್ತಿದ್ದಳು. ಗಾಜಿನಾಚೆ ನೆಲ ಒರೆಸುತ್ತಿದ್ದ ಗುರುಬಾಯಿ ತಲೆಯೆತ್ತಿದಾಗ ಅವಳು ನೆಲದ ಮೇಲೆಯೇ ಕೂತಿದ್ದಳು. ಹಣೆ ಒತ್ತಿಕೊಂಡಳು. ಸ್ಪ್ಯಾನರನ್ನು ಎತ್ತಲು ಹೋಗಿ ಪಕ್ಕದ ನೆಲವನ್ನು ತಡವಿದಳು.

"ಶರಣೂ! ಏ ಶರಣೂ! ಹುಡುಗಿ ಬಿತ್ತೋ!"

ಶರಣು ಉಸಿರು ಬಿಗಿಹಿಡಿದು ಒಳಗೆ ನುಗ್ಗಿ, ಸಿಲಿಂಡರಿನ ತಿರುಪು ಮುಚ್ಚಿ, ಅವಳ ಕಂಕುಳಿಗೆ ಕೈ ಕೊಟ್ಟು ಹೊರಗೆ ಎಳೆದು ತಂದ. ಅವಳ ತುಟಿಯ ಬಣ್ಣ ಬದಲಾಗಿತ್ತು. ಅಷ್ಟೆಲ್ಲ ಆಗುವಾಗಲೂ ಡಬ್ಬಿ ಚಕಾರವೆತ್ತಲಿಲ್ಲ. ಹಸಿರು ಸೊನ್ನೆ ಹಾಗೆಯೇ ಹೊಳೆಯುತ್ತಿತ್ತು.

ಆಂಬುಲೆನ್ಸಿನಲ್ಲೇ ಆಕ್ಸಿಜನ್ ಹಚ್ಚಿ ಶ್ರಾವ್ಯಾಳನ್ನು ಪರೇಲಿನ ಆಸ್ಪತ್ರೆಗೆ ಸಾಗಿಸಿದರು. ಜೀವಕ್ಕೆ ಅಪಾಯವಿಲ್ಲ ಎಂದು ಸಂಜೆಗೆ ಫೋನು ಬಂತು. ಲ್ಯಾಬಿಗೆ ಬೀಗ ಬಿತ್ತು. ಗುರುಬಾಯಿಯನ್ನು ಎಲ್ಲರೂ ಹೊಗಳಿದರು. "ಆಯಿ ನೋಡಿದ್ದಕ್ಕೆ ಜೀವ ಉಳೀತು" ಎಂದು ವಾಚ್‌ಮನ್ ಕೂಡ ಹೇಳಿದ. ಅಂದು ರಾತ್ರಿ ಗುರುಬಾಯಿ ಹೊಟ್ಟೆ ತುಂಬ ಉಂಡು ಮಲಗಿದಳು. ಮುಂದೆ ಬಹಳ ದಿನ ಆ ಊಟ ನೆನಪಾದಾಗಲೆಲ್ಲ ಅವಳಿಗೆ ತನ್ನ ಮೇಲೆ ಹೇಸಿಗೆಯಾಗುತ್ತಿತ್ತು.

ಮರುದಿನ ಡಬ್ಬಿ ಮಾರಿದ ಕಂಪನಿಯವನು ಬಂದ. ಎಲ್ಲರೂ ಸುತ್ತ ನಿಂತರು. ಅವನು ಜಾಲರಿಯ ಮುಚ್ಚಳ ತಿರುಗಿಸಿ ತೆಗೆದು, ಪೇಪರಿನ ಮೇಲೆ ತಟ್ಟಿದ. ಬಿಳಿಯ ಹೆಂಟೆಯೊಂದು ಬಿದ್ದು ಪುಡಿಯಾಯಿತು.

"ಯೇ ಕಿಸ್ನೇ ಭರಾ?" ಎಂದ ಅವನು. ಜಾಲರಿ ಮುಚ್ಚಿಹೋದರೆ ಗ್ಯಾಸು ಒಳಗೇ ಹೋಗುವುದಿಲ್ಲ, ಶುದ್ಧ ಗಾಳಿಗೂ ಸೊನ್ನೆ, ಮುಚ್ಚಿದ ಬಾಯಿಗೂ ಸೊನ್ನೆ ಎಂದು ವಿವರಿಸಿದ. ಇದು ತಾನಾಗಿ ಬಂದ ಧೂಳಲ್ಲ, ಯಾರೋ ಕಲಸಿ ತುಂಬಿದ್ದು. ಬೇರೆ ಕಡೆಯೂ ನೋಡಿದ್ದೇನೆ, ಅಲಾರಾಂ ಕಾಟ ತಡೆಯಲಾರದೆ ಕೆಲಸದವರು ಹೀಗೆ ಮಾಡುತ್ತಾರೆ ಎಂದೂ ಸೇರಿಸಿದ.

ಸಂದೀಪ ನಿಧಾನವಾಗಿ ಶರಣುವಿನ ಕಡೆ ತಿರುಗಿದ. "ಎಂತ ಮಾರಾಯ ಇದು? ಚಾಕ್‌ಪೀಸಾ? ಪ್ಲಾಸ್ಟರಾ?"

"ನಂಗೇನ್ ಗೊತ್ತ್ರೀ ಸಾಹೇಬ್ರ?"

"ಸೋಮವಾರ ಟೆಸ್ಟ್ ಮಾಡಿದಾಗ ಸರಿ ಇತ್ತು ಅಂತ ನೀನೇ ಹೇಳಿದ್ದು. ಅದರ ಮುಚ್ಚಳ ಮುಟ್ಟುವವ ನೀನೊಬ್ಬನೇ. ಬಾಯಿಗೆ ತುರುಕಬೇಕು ಅಂತ ಹೇಳಿದವ ಯಾರು? ನನ್ನ ಕಿವಿಯಲ್ಲೇ ಕೇಳಿದ್ದೇನೆ."

"ಅದು ಚಾಷ್ಟಿಗೆ ಅಂದಿದ್ರೀ! ಮಳಿಯಾಗ ನಿಂತ್ಕೊಂಡು ಹೊಟ್ಟಿ ಹಸದಿತ್ತು, ಅಂದೆ. ಹೊಟ್ಟಿ ಹಸದವರ ಮಾತು ಹಿಡಿತಾರೇನ್ರೀ?"

"ಆ ಹುಡುಗಿ ಸಾಯ್ತಿದ್ಲು, ಗೊತ್ತುಂಟಾ ನಿಂಗೆ?"

"ಎಳದ ತಂದಾಂವ ನಾ ಅದೀನ್ರೀ!"

"ಹೌದು. ಗೊತ್ತಿದ್ದವನಿಗೇ ಬೇಗ ಗೊತ್ತಾಗುವುದು."

ಶರಣುವಿನ ಮುಖ ಬಿಳಿಚಿಕೊಂಡಿತು. ಕಾಂಟ್ರ್ಯಾಕ್ಟಿನ ಹುಡುಗ. ಇಂಥ ಮಾತು ಹೊತ್ತು ಹೊರಗೆ ಹೋದರೆ ಥಾಣೆಯಿಂದ ಕುರ್ಲಾದ ತನಕ ಯಾವ ಲ್ಯಾಬೂ ಬಾಗಿಲು ತೆರೆಯುವುದಿಲ್ಲ ಎಂಬುದು ಅಲ್ಲಿ ನಿಂತ ಎಲ್ಲರಿಗೂ ಗೊತ್ತಿತ್ತು.

ಗುರುಬಾಯಿ ಪೇಪರಿನ ಹತ್ತಿರ ಬಂದು ಬಗ್ಗಿದಳು. ಒಂದು ಚಿಟಿಕೆ ಎತ್ತಿ ಬೆರಳ ನಡುವೆ ತಿಕ್ಕಿದಳು. ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಅವಳ ಬೆರಳಿಗೆ ಅಂಟುವ ಅದೇ ನುಣುಪು. ನಿನ್ನೆ ಹೊಗಳಿಸಿಕೊಂಡದ್ದೆಲ್ಲ ಬಿಸಿಯಾಗಿ ಕಿವಿಗೆ ಏರಿತು.

"ಸಾಹೇಬ್ರ, ಅದು ಈಬತ್ತಿ ಅದರೀ. ನಾ ಹಚ್ಚೀನಿ. ಪೂಜಿ ದಿನ. ಹುಡುಗಂದೇನೂ ಇಲ್ಲ."

ಸಂದೀಪ ಅವಳನ್ನು ನೋಡಿದ. ಅವನ ಸಿಟ್ಟು ಇಳಿಯಿತು. ಆದರೆ ಇಳಿದು ನಿಂತ ಜಾಗ ಬೇರೆ. "ಆಯಿ, ನಿಮ್ಮ ಊರ ಕಡೆಯ ಹುಡುಗ, ನಿಮಗೆ ಕರುಳು ಚುರ್ ಅಂತದೆ. ನನಗೆ ಅರ್ಥ ಆಗ್ತದೆ. ಆದ್ರೆ ಇದರಲ್ಲಿ ನಿಮ್ಮ ಹೆಸರು ಹಾಕ್ಕೊಳ್ಳಬೇಡಿ."

"ಸುಳ್ಳಲ್ರೀ! ಹಣಿಗೆ ಹಚ್ಚಿದಂಗ ಮೂರು ಬೆರಳಿಲೆ ಎಳದೀನಿ, ಹೀಂಗ..."

"ಹೊರಗೆ ಹಚ್ಚಿದ್ದು ಒಳಗೆ ಇಷ್ಟು ಹೇಗೆ ಹೋಗ್ತದೆ? ಸಾಕು." ಅವನು ಕಂಪನಿಯವನಿಗೆ ಹಿಂದಿಯಲ್ಲಿ, ನೋಡಿ ನಮ್ಮ ಕಡೆಯ ಹಳೆಯ ಕಾಲದವರ ಮನಸ್ಸು ಎಂದು ಹೇಳಿದ. ಕಂಪನಿಯವನು ಗುರುಬಾಯಿಗೆ ಗೌರವದಿಂದ ತಲೆ ಬಾಗಿಸಿದ.

ಅವಳು ಶರಣುವಿನ ಕಡೆ ನೋಡಿದಳು. ಅವನಾದರೂ ನಂಬುತ್ತಾನೆ ಎಂದುಕೊಂಡಳು. ಅವನು ಹಲ್ಲು ಕಚ್ಚಿ ಹೇಳಿದ, "ನೀ ನಡುವ ಬರಬ್ಯಾಡ ಆಯಿ. ನಾ ಮಾಡಿಲ್ಲ. ಮಾಡದಾಂವಗ ಯಾರ ಸುಳ್ಳೂ ಬೇಕಾಗಿಲ್ಲ. ನೀ ಹಿಂಗ ಅಂದ್ರ ನಾನ ಹೇಳಿಸಿದಂಗ ಆಗ್ತದ."

ನಾಳೆ ಲೆಕ್ಕ ಚುಕ್ತಾ ಮಾಡಿಕೊಂಡು ಹೋಗಲು ಅವನಿಗೆ ಹೇಳಿದರು. ಕಂಪನಿಯವನು ಪುಡಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದ. ಗುರುಬಾಯಿಗೆ ಚಹಾ ಕೊಡಿಸಲು ಸಂದೀಪ ವಾಚ್‌ಮನ್‌ಗೆ ಹೇಳಿಹೋದ. ಆ ಚಹಾ ಅವಳ ಕೈಯಲ್ಲೇ ಆರಿತು.

ಪೂಜೆಯ ದಿನ ಕೋಣೆಯ ಬಾಗಿಲಲ್ಲಿ ನಿಂತು ನೋಡಿದವಳು ಒಬ್ಬಳೇ ಒಬ್ಬಳು. ಅವಳು ಪರೇಲಿನಲ್ಲಿ ಮಲಗಿದ್ದಳು. ಅವಳನ್ನು ಸಾಕ್ಷಿ ಕೇಳುವುದೆಂದರೆ, ನಿನ್ನನ್ನು ಮಲಗಿಸಿದವಳು ನಾನು ಎಂದು ಮೊದಲು ಹೇಳಬೇಕು. ಗುರುಬಾಯಿ ಸ್ಲೋ ಲೋಕಲ್ ಹತ್ತಿದಳು. ಹೆಂಗಸರ ಡಬ್ಬಿಯಲ್ಲಿ ಒಬ್ಬ ಹುಡುಗಿ ಎದ್ದು ಸೀಟು ಬಿಟ್ಟುಕೊಟ್ಟಳು. ಅವಳು ಕೂರಲಿಲ್ಲ. ಪರೇಲ್ ಬರುವ ತನಕ ಬಾಗಿಲ ಬಳಿ ಸರಳು ಹಿಡಿದೇ ನಿಂತಿದ್ದಳು.

ಶ್ರಾವ್ಯಾ ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ದಿಂಬಿಗೆ ಒರಗಿದ್ದಳು. ತಾಯಿ ವಾರಿಜಾ ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತಿದ್ದಳು. ಗುರುಬಾಯಿಯನ್ನು ಕಂಡದ್ದೇ ತಡ, ಕಿತ್ತಳೆ ಬಿಟ್ಟು ಎದ್ದು ಬಂದು ಅವಳ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

"ನೀವು ಕೂಗದಿದ್ರೆ ನನ್ನ ಮಗಳು ಉಳಿತಿರ್ಲಿಲ್ಲ ಅಂತ ಡಾಕ್ಟ್ರೇ ಹೇಳಿದ್ರು. ಯಾವ ಜನ್ಮದ ಋಣವೋ! ಕೂತ್ಕೊಳ್ಳಿ, ಇಲ್ಲಿ ಬೆಡ್ಡಿನ ಮೇಲೆಯೇ ಕೂತ್ಕೊಳ್ಳಿ."

ವಾರಿಜಾಳ ಕಣ್ಣೀರು ಅವಳ ಬೆರಳಿಗೆ ತಾಗಿತು. ವಿಭೂತಿ ಎಳೆದ ಅದೇ ಬೆರಳುಗಳು. ಗುರುಬಾಯಿ ಕೈ ಬಿಡಿಸಿಕೊಳ್ಳಲು ನೋಡಿದಳು. ವಾರಿಜಾ ಬಿಡಲಿಲ್ಲ.

"ಬಿಡವ್ವಾ. ಕೈ ಬಿಡು. ನಿನ್ನ ಮಗಳಿಗೆ ಹಿಂಗ ಮಾಡಿದಾಕಿ ನಾನು."

ಅವಳು ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ತೇಯ್ದದ್ದು, ಎಳೆದದ್ದು, ಕಾಣಲಿಲ್ಲವೆಂದು ಮತ್ತೆ ಒತ್ತಿದ್ದು, ಬೆಳಿಗ್ಗೆ ಗುರುತು ಉಳಿಯದ ಹಾಗೆ ಒರೆಸಿದ್ದು. ಶರಣುವಿನ ಮೇಲೆ ಬಂದದ್ದನ್ನೂ ಹೇಳಿದಳು. ಹೇಳುತ್ತ ಹೇಳುತ್ತ ವಾರಿಜಾಳ ಹಿಡಿತ ಸಡಿಲವಾಯಿತು. ಕೈ ಬಿಟ್ಟು ಆಕೆ ಹಿಂದೆ ಸರಿದು ಮಗಳ ಮಂಚದ ಕಬ್ಬಿಣ ಹಿಡಿದು ನಿಂತಳು.

"ಯವ್ವಾ ಶ್ರಾವ್ಯಾ, ನೀ ಬಾಗಲದಾಗ ನಿಂತಿದ್ದಿ. ನೆನಪದ ಏನ ನಿಂಗ? ಇಲ್ಲಂದ್ರೂ ಅಡ್ಡಿಲ್ಲ. ಇದ್ರ ಅಷ್ಟ ಹೇಳು. ಹುಡುಗನ ಹೊಟ್ಟಿ ಮ್ಯಾಲ ಬಂದದ."

ಶ್ರಾವ್ಯಾ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು.

"ನೆನಪುಂಟು," ಎಂದಳು ಗೋಡೆಗೇ. "ಅಮ್ಮಾ, ನಾನು ನೋಡಿದ್ದೇನೆ. ಜಾಲರಿ ಮೇಲೆ ಹಚ್ಚುದನ್ನು ನೋಡಿ ಚೆಂದ ಹಚ್ಚಿ ಅಂತ ನಾನೇ ಹೇಳಿದ್ದು. ಒಂದು ಸಲ ತಲೆಗೆ ಬಂತು, ಅಲ್ಲಿ ಬೇಡ ಅನ್ನುವಾ ಅಂತ. ಹಬ್ಬದ ದಿನ, ಅಜ್ಜಿ ಅಷ್ಟು ಖುಷಿಯಲ್ಲಿದ್ರು. ಮರ್ತೇಬಿಟ್ಟೆ. ಮತ್ತೆ ಪೇಢೆ ತಿಂದೆ." ಅವಳ ಕುತ್ತಿಗೆ ಕೆಂಪಾಗಿತ್ತು. "ಸಂದೀಪ್ ಸರ್ ನಿನ್ನೆ ಕೇಳಿದಾಗ ಡಿಟೆಕ್ಟರ್ ಬಗ್ಗೆ ನನಗೆ ಏನೂ ಗೊತ್ತಿಲ್ಲ ಅಂದೆ."

"ಅವಾಗ ನೆನಪಿರಲಿಲ್ಲೇನ?"

ಶ್ರಾವ್ಯಾ ಕೈ ಚಾಚಿ ತಾಯಿಯಿಂದ ಫೋನು ಇಸಿದುಕೊಂಡು ಸಂದೀಪನಿಗೆ ಹಚ್ಚಿದಳು.

ಶರಣು ಮರುದಿನ ಚೀಲ ಹೆಗಲಿಗೇರಿಸಿಕೊಂಡೇ ಬಂದಿದ್ದ. ಸಂದೀಪ ಅವನನ್ನು ಆಫೀಸಿನೊಳಗೆ ಕರೆದು, ಬಾಗಿಲು ಹಾಕಿ, ಭುಜ ತಟ್ಟಿ, ಸ್ವಲ್ಪ ಮಿಸ್ಟೇಕ್ ಆಯ್ತು, ನಾಳೆಯಿಂದ ಬಾ ಎಂದ. ಶರಣು ಬಾಗಿಲು ತೆರೆದ.

"ಎಲ್ಲಾರ ಮುಂದ ಅಂದಿದ್ರಿ ಸಾಹೇಬ್ರ. ಎಲ್ಲಾರ ಮುಂದ ಹೇಳ್ರಿ."

ಸಂದೀಪ ಎದ್ದು ಹೊರಗೆ ಬಂದು, ನೆಲ ನೋಡುತ್ತ, ಶರಣು ಏನೂ ಮಾಡಿಲ್ಲ, ತಾನು ದುಡುಕಿದೆ ಎಂದು ಹೇಳಿದ. ಕಂಪನಿಯವನಿಗೂ ಫೋನು ಹಚ್ಚಿ ಅದನ್ನೇ ಹೇಳಿದ. ಹೇಳಿ ಮುಗಿದ ಮೇಲೆ ಗುರುಬಾಯಿ ಮುಂದೆ ಬಂದಳು. ಬೈಗುಳಕ್ಕೆ ತಯಾರಾಗಿ ಬಂದಿದ್ದಳು. ಕೆಲಸ ಹೋದರೂ ಹೋಗಲಿ ಎಂದುಕೊಂಡಿದ್ದಳು.

"ನಂದೇನ್ ಮಾಡ್ತೀರಿ ಸಾಹೇಬ್ರ?"

"ನಿಮಗೆ ಎಂತ ಮಾಡುವುದು ಆಯಿ? ಬಿಡಿ. ನಿಮಗೆ ಹೇಗೆ ಗೊತ್ತಾಗಬೇಕು ಇದೆಲ್ಲ? ದೇವರ ಕೆಲಸ ಅಂತ ಮಾಡಿದ್ರಿ. ಇನ್ನು ಮುಂದೆ ಲ್ಯಾಬಿನ ಒಳಗೆ ಪೂಜೆ ಬೇಡ, ಗೇಟಿನ ಹತ್ತಿರ ಮಾಡುವಾ, ಆಯ್ತಲ್ಲ?"

ಹಾಲಿನ ಪಾತ್ರೆ ಉರುಳಿಸಿದ ಬೆಕ್ಕಿಗೆ ಹೇಳಿದ ಹಾಗೆ ಹೇಳಿದ. ಸುತ್ತ ನಿಂತವರೂ ಹೌದು ಹೌದು ಎಂದರು. ಯಾರಿಗೂ ಅವಳ ಮೇಲೆ ಸಿಟ್ಟಿರಲಿಲ್ಲ. ಒಬ್ಬರಾದರೂ ಸಿಟ್ಟಾಗಲಿ ಎಂದು ಅವಳು ಒಬ್ಬೊಬ್ಬರ ಮುಖ ನೋಡಿದಳು.

ಶರಣು ಗೇಟಿನ ಹೊರಗೆ ಫೋನು ಕಿವಿಗಿಟ್ಟು ನಿಂತಿದ್ದ. ಆಳಂದದ ಹತ್ತಿರದ ಹಳ್ಳಿಯಲ್ಲಿದ್ದ ತಾಯಿ ಗಂಗುಬಾಯಿಗೆ ಹಿಂದಿನ ದಿನವೇ ಕೆಲಸ ಹೋಯಿತೆಂದು ಹೇಳಿಬಿಟ್ಟಿದ್ದ. ಈಗ ಹೋಗಿಲ್ಲ ಎಂದರೆ ಆಕೆ ನಂಬುತ್ತಿರಲಿಲ್ಲ. "ನನ್ನ ಸಮಾಧಾನಕ್ಕ ಅಂತೀದಿ" ಎಂದು ಅಳುತ್ತಿದ್ದಳು. ಗುರುಬಾಯಿ ಕೈ ನೀಡಿದಳು. ಅವನು ಒಂದು ಗಳಿಗೆ ನೋಡಿ ಫೋನು ಕೊಟ್ಟ.

"ಗಂಗುಬಾಯಿ, ನಾ ಗುರುಬಾಯಿ ಬೇ, ಇಲ್ಲೇ ನಿನ್ನ ಮಗನ ಕೂಡ ಕೆಲಸ ಮಾಡಾಕಿ. ಅವನ ಕೆಲಸ ಎಲ್ಲೂ ಹೋಗಿಲ್ಲ. ಅವನ ಮ್ಯಾಲ ಬಂದಿದ್ದೆಲ್ಲ ನಾ ಮಾಡಿದ್ದು." ಗೇಟಿನ ಬಳಿ ಓಡಾಡುವವರು ತಿರುಗಿ ನೋಡಿದರು. ಸಾಹೇಬರ ಮುಂದೆ ಬರದ ನಡುಕ ಈಗ ಅವಳ ದನಿಗೆ ಬಂತು. ಊರಿನ ಮಾತಿನಲ್ಲಿ ಊರ ಕಡೆಯ ಹೆಂಗಸಿಗೆ ಹೇಳುವಾಗ ಅಡಗಲು ಜಾಗವಿರಲಿಲ್ಲ. ಮೊದಲಿನಿಂದ ಕೊನೆಯ ತನಕ ಹೇಳಿದಳು.

ಆಚೆಯಿಂದ ನಿಟ್ಟುಸಿರು ಕೇಳಿಸಿತು. "ಅಯ್ಯ ಎವ್ವಾ, ಇಷ್ಟೇ ಏನ? ಈಬತ್ತಿ ಹಚ್ಚೀದಿ, ಮಣ್ಣ ಹಚ್ಚಿಲ್ಲಲ್ಲ. ದೇವರ ಹೆಸರಿನ್ಯಾಗ ಮಾಡಿದ್ದು ಎಂದರ ತಪ್ಪಾಗತದ ಏನ ಬೇ? ನೀ ಅಳಬ್ಯಾಡ. ದೇವರೇ ನಿನ್ನ ಕೈಲೆ ಆ ಹುಡುಗೀನ ಉಳಿಸ್ಯಾನ."

ಗುರುಬಾಯಿ ಫೋನು ವಾಪಸು ಕೊಟ್ಟಳು. ಶರಣು ತಾಯಿಗೆ ಎರಡು ಮಾತು ಹೇಳಿ ಇಟ್ಟ. ಇಬ್ಬರೂ ಸ್ಟೇಷನ್ನಿನ ಕಡೆ ನಡೆದರು. ಅವನು ಮುಂದೆ, ಅವಳು ಹಿಂದೆ. ವಡಾಪಾವಿನ ಗಾಡಿಯ ಹತ್ತಿರ ಜನ ದಟ್ಟವಾಗಿ ಅವನು ನಿಲ್ಲಬೇಕಾಯಿತು. ಅವಳು ಹತ್ತಿರ ಬಂದಳು.

"ನಿಮ್ಮವ್ವ ತಪ್ಪಲ್ಲ ಅಂದ್ಳು. ಸಾಹೇಬ್ರೂ ತಪ್ಪಲ್ಲ ಅಂದ್ರು."

ಶರಣು ತಿರುಗಿದ. ನಿನ್ನೆಯಿಂದ ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದ. ಅವನ ಕಣ್ಣು ಕೆಂಪಾಗಿದ್ದವು.

"ಅವರಿಗೇನಾಗ್ಯದ ಅನ್ನಾಕ? ಇಡೀ ದಿನ ಕೊಲೆಗಾರನಂಗ ನಿಂತಾಂವ ನಾನು. ಆ ಹುಡುಗಿ ಸಾಯ್ತಿತ್ತು. ಅದು ಗುಡಿ ಅಲ್ಲ, ಮಷಿನ್ ಅದ. ಹಚ್ಚೋ ಮೊದಲ ನನ್ನ ಒಂದ್ ಮಾತ ಕೇಳಬೇಕಿತ್ತಿಲ್ಲ? ಹೊರಗ ಟೆಂಪೊ ತೊಳಿಲಾಕತ್ತಿದ್ದೆ, ಒಂದ ಕೂಗಳತಿ. ತಪ್ಪ ನಿಂದು ಆಯಿ. ನಿಂದೇ."

"ಹೌದಪ್ಪ," ಎಂದಳು ಗುರುಬಾಯಿ. "ನಂದೇ."

ನಿನ್ನೆಯಿಂದ ಅವಳ ಎದೆಯಲ್ಲೇ ನಿಂತಿದ್ದ ಉಸಿರು ಹೊರಗೆ ಬಂತು. ಅವನು ತಿರುಗಿ ಜನರ ನಡುವೆ ದಾರಿ ಮಾಡಿಕೊಂಡು ನಡೆದ. ಅವಳು ಅವನ ಚೀಲದ ಮೇಲೆ ಕಣ್ಣಿಟ್ಟು, ಎಷ್ಟು ಹಿಂದೆ ಇರಬೇಕೋ ಅಷ್ಟೇ ಹಿಂದೆ ನಡೆದಳು.